ಬೆಳಗಿನ ಮೂರು ಸೆಕೆಂಡು

ಕಾರಿನ ಎಂಜಿನ್ನಿನೊಳಗಿನ ಟೈಮಿಂಗ್ ಚೈನು, ಅದನ್ನು ಬಿಗಿ ಹಿಡಿಯುವ ಟೆನ್ಷನರ್, ಅದು ಜಾರಿ ಓಡುವ ಗೈಡುಗಳು, ಇಷ್ಟೂ ಸೇರಿದ ಕಿಟ್ಟಿಗೆ ಎಂಟು ಸಾವಿರದ ಇನ್ನೂರು. ಆಯಿಲ್ ಮತ್ತು ಫಿಲ್ಟರಿಗೆ ಎರಡು ಸಾವಿರದ ನೂರು. ಮುಚ್ಚಳ ಕೂರಿಸುವ ಅಂಟು, ಒಂದೆರಡು ಸೀಲು, ಏಳುನೂರು. ನನ್ನ ಕೂಲಿ ಐದು ಸಾವಿರ. ಒಟ್ಟು ಹದಿನಾರು ಸಾವಿರ.

ಹಾಗೇ ಬಿಟ್ಟರೆ ಒಂದು ಪೈಸೆ ಖರ್ಚಿಲ್ಲ. ಆದರೆ ಒಂದು ದಿನ ಸಡಿಲವಾದ ಚೈನು ಹಲ್ಲು ತಪ್ಪಿ ಜಿಗಿಯುತ್ತದೆ. ಎಂಜಿನ್ನಿನ ಒಳಗೆ ಒಂದಕ್ಕೊಂದು ತಾಗಬಾರದ ಭಾಗಗಳು ತಾಗುತ್ತವೆ. ಆಗ ಎಪ್ಪತ್ತೈದು ಸಾವಿರ. ಕಾರನ್ನೇ ಮಾರಿದರೆ ಬರುವುದು ಒಂದು ಲಕ್ಷ ಎಪ್ಪತ್ತು, ಅದೂ ಬರೀ ಬಣ್ಣ ನೋಡಿ ಮರುಳಾಗುವ ಗಿರಾಕಿ ಸಿಕ್ಕರೆ.

ಈ ಲೆಕ್ಕವನ್ನೆಲ್ಲ ಹೇಳಿ ಮುಗಿಸಿದಾಗ ಪ್ರೇಮಲೀಲಾ ಕೇಳಿದ್ದು ಒಂದೇ ಪ್ರಶ್ನೆ.

"ಅಂದ್ರೆ, ಸದ್ದು ಇರೋದು ನಿಜ ತಾನೆ?"

ಅವರಿಗೆ ಬೇಕಾಗಿದ್ದದ್ದು ಅಷ್ಟೇ. ಒಂದು ತಿಂಗಳಿಂದ ಯಾರೂ ಅವರ ಮಾತು ನಂಬಿರಲಿಲ್ಲ. ಮೊದಲೆರಡು ಸಲ ನಾನೂ ನಂಬಿರಲಿಲ್ಲ.

ನನ್ನ ಶೆಡ್ಡು ಇರುವುದು ಮೇಟಗಳ್ಳಿಯಲ್ಲಿ. ಹತ್ತೊಂಬತ್ತು ವರ್ಷದಿಂದ ಅಲ್ಲಿ ಹಳೇ ಕಾರುಗಳ ಹೊಟ್ಟೆ ಬಿಚ್ಚುತ್ತಿದ್ದೇನೆ. ಹೊಸ ಕಾರಿನವರು ನನ್ನ ಬಳಿ ಬರುವುದಿಲ್ಲ, ಅವರಿಗೆ ಎಸಿ ಹಾಕಿದ ಕೋಣೆಯಲ್ಲಿ ಕೂತು ಕಾಯುವ ಕಡೆಗಳಿವೆ. ಹತ್ತು ವರ್ಷ ದಾಟಿದ ಮೇಲೆ ಎಲ್ಲವೂ ನನ್ನ ಕಡೆ ತಿರುಗುತ್ತವೆ. ಪ್ರೇಮಲೀಲಾ ಅವರ ಬೂದು ಬಣ್ಣದ ಡೀಸೆಲ್ ಕಾರು ಹದಿಮೂರು ವರ್ಷದ್ದು, ಒಂದು ಲಕ್ಷ ಅರವತ್ತೆರಡು ಸಾವಿರ ಕಿಲೋಮೀಟರ್ ಓಡಿತ್ತು.

ಮೊದಲ ಸಲ ಬಂದಾಗ ಬಾನೆಟ್ ಎತ್ತಿ, ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಗಿಟ್ಟು ಕೇಳಿದೆ. ಡಾಕ್ಟರಿಗೆ ಸ್ಟೆತಾಸ್ಕೋಪ್ ಇದ್ದ ಹಾಗೆ ನಮಗೆ ಅದು. ಎಂಜಿನ್ನು ಸಣ್ಣಗೆ ಗೊಣಗುತ್ತಿತ್ತು, ಅಷ್ಟೇ.

"ಏನೂ ಇಲ್ಲ ಮೇಡಂ."

"ಇದೆ ಅಣ್ಣ. ಗರಗರ ಅನ್ನುತ್ತೆ. ಡಬ್ಬಿಯೊಳಗೆ ಮೊಳೆ ಹಾಕಿ ಅಲ್ಲಾಡಿಸಿದ ಹಾಗೆ."

ಎರಡನೇ ಸಲವೂ ಅದೇ ಮಾತಾಯಿತು. ಮೂರನೇ ಸಲ ಅವರು ಕಾರಿನ ಬಾಗಿಲನ್ನು ಸ್ವಲ್ಪ ಜೋರಾಗಿಯೇ ಹಾಕಿದರು.

"ಆ ಕಡೆ ಗ್ಯಾರೇಜಿನವನು ‘ಮೇಡಂ, ನಿಮಗೆ ಟೆನ್ಷನ್ ಜಾಸ್ತಿ’ ಅಂದ. ನೀವೂ ಅದೇ ಅನ್ನೋದಾದ್ರೆ ಈಗಲೇ ಅಂದ್ಬುಡಿ. ಹನ್ನೊಂದು ಗಂಟೆ ಬಿಸಿಲಲ್ಲಿ ರಾಮಕೃಷ್ಣನಗರದಿಂದ ಇಲ್ಲೀವರೆಗೆ ಬರೋದು ತಪ್ಪುತ್ತೆ."

ಕೋಪದಲ್ಲಿ ಅವರ ಮೂಗಿನ ತುದಿ ಕೆಂಪಾಗಿತ್ತು. ಸಿಟ್ಟು ಬಂದರೂ ಬಹುವಚನ ಬಿಡದ ಹೆಂಗಸು. ನನಗೆ ನಗು ಬಂತು, ತಡೆದುಕೊಂಡೆ. ಆಗಲೇ ‘ಹನ್ನೊಂದು ಗಂಟೆ’ ಎನ್ನುವ ಮಾತು ತಲೆಗೆ ತಟ್ಟಿದ್ದು.

"ಸದ್ದು ಯಾವಾಗ ಬರುತ್ತೆ ಮೇಡಂ?"

"ಬೆಳಿಗ್ಗೆ ಆರಕ್ಕೆ, ಮೊದಲು ಸ್ಟಾರ್ಟ್ ಮಾಡಿದಾಗ. ಮೂರು ಸೆಕೆಂಡು. ಆಮೇಲೆ ಇಡೀ ದಿನ ಇಲ್ಲ."

ನನ್ನ ತಲೆಗೆ ನಾನೇ ಮೊಟಕಿಕೊಂಡೆ. ಚೈನು ಸವೆದರೆ ಹಾಗೇ. ರಾತ್ರಿ ಆಯಿಲ್ ಎಲ್ಲ ಕೆಳಗಿಳಿದಿರುತ್ತದೆ. ಬೆಳಿಗ್ಗೆ ಅದು ಮೇಲೇರಿ ಚೈನನ್ನು ಬಿಗಿ ಮಾಡುವವರೆಗೆ ಸಡಿಲ ಚೈನು ಎಂಜಿನ್ನಿನ ಒಳಗೋಡೆಗೆ ಬಡಿದುಕೊಳ್ಳುತ್ತದೆ. ನನ್ನ ಶೆಡ್ಡಿಗೆ ಬರುವ ಹೊತ್ತಿಗೆ ಎಂಜಿನ್ನು ಬಿಸಿಯಾಗಿ, ಏನೂ ಗೊತ್ತಿಲ್ಲದ ಮುಖ ಮಾಡಿಕೊಂಡು ನಿಂತಿರುತ್ತದೆ.

"ಹಂಗಾದ್ರೆ ನಾನೇ ಬರಬೇಕು."

"ಎಲ್ಲಿಗೆ?"

"ನಿಮ್ಮನೆಗೆ. ಬೆಳಿಗ್ಗೆ. ಐದೂಮುಕ್ಕಾಲಿಗೆ."

ಪಕ್ಕದ ಶೆಡ್ಡಿನ ಎಲೆಕ್ಟ್ರಿಷಿಯನ್ ಮೋಹನ್ ಕೆಮ್ಮಿದ. ಅವನಿಗೆ ಕೆಮ್ಮಿರಲಿಲ್ಲ.

ಮಾರನೇ ದಿನ ನಾನು ಬೈಕಿನಲ್ಲಿ ರಾಮಕೃಷ್ಣನಗರ ತಲುಪಿದಾಗ ಇನ್ನೂ ಮಂಜು ಇತ್ತು. ಡಿಸೆಂಬರ್ ತಿಂಗಳು. ಗೇಟಿನ ಮುಂದೆ ತಲೆಗೆ ಮಫ್ಲರ್ ಸುತ್ತಿಕೊಂಡ ಎಪ್ಪತ್ತು ದಾಟಿದ ಅಮ್ಮ ಒಬ್ಬರು ನೀರು ಚಿಮುಕಿಸುತ್ತಿದ್ದರು. ಪ್ರೇಮಲೀಲಾ ಅವರ ಅತ್ತೆ, ಸಿದ್ದಲಿಂಗಮ್ಮ. ಹತ್ತಿರ ಬಂದು, ಮುಖಕ್ಕೆ ಮುಖ ಕೊಟ್ಟು ನನ್ನನ್ನು ನೋಡಿದರು.

"ಯಾರಪ್ಪ ನೀನು, ಇಷ್ಟೊತ್ಗೇ?"

"ಮೆಕ್ಯಾನಿಕ್ ಅಮ್ಮ. ಕಾರಿನ ಸದ್ದು ಕೇಳಕ್ಕೆ ಬಂದಿದೀನಿ."

"ಸದ್ದು ಕೇಳಕ್ಕಾ! ನಮ್ ಕಾಲ್ದಲ್ಲಿ ಹರಿಕತೆ ಕೇಳಕ್ಕೆ ಬರೋರು ಕಣಪ್ಪ."

ಪ್ರೇಮಲೀಲಾ ಒಳಗಿನಿಂದ ಐಸ್ ಡಬ್ಬಿ ಹಿಡಿದು ಬಂದರು. ಅವರು ಮನೆ ಮನೆಗೆ ಹೋಗಿ ರಕ್ತ ತೆಗೆದು ಲ್ಯಾಬಿಗೆ ಕೊಡುವ ಕೆಲಸದವರು. ಶುಗರ್ ಇರುವವರೆಲ್ಲ ಖಾಲಿ ಹೊಟ್ಟೆಯಲ್ಲಿ ಕಾಯುತ್ತಿರುತ್ತಾರೆ. ಕುವೆಂಪುನಗರದಲ್ಲಿ ಒಬ್ಬ ರಿಟೈರ್ಡ್ ಮೇಷ್ಟ್ರು ಆರೂಕಾಲಿಗೇ ತೋಳು ಮಡಿಸಿ ಗೇಟಿನಲ್ಲಿ ನಿಂತಿರುತ್ತಾರಂತೆ. ಸ್ಕೂಟರಿನಿಂದ ಬಿದ್ದು ಮಂಡಿಗೆ ಪ್ಲೇಟ್ ಹಾಕಿಸಿಕೊಂಡ ಮೇಲೆ ಕಾರು ಬಿಟ್ಟರೆ ಪ್ರೇಮಲೀಲಾ ಅವರಿಗೆ ಬೇರೆ ದಾರಿಯಿರಲಿಲ್ಲ.

ಬಾನೆಟ್ ಮೇಲೆ ಅಂಗೈ ಇಟ್ಟೆ. ತಣ್ಣಗಿತ್ತು. "ಈಗ ಹಾಕಿ" ಎಂದೆ.

ಗರಗರಗರ. ಒಂದು, ಎರಡು, ಮೂರು. ನಿಂತಿತು.

ಅವರು ಕಿಟಕಿಯಿಂದ ತಲೆ ಹೊರಗೆ ಹಾಕಿ ನನ್ನ ಮುಖವನ್ನೇ ನೋಡುತ್ತಿದ್ದರು. ಪರೀಕ್ಷೆ ಫಲಿತಾಂಶಕ್ಕೆ ಕಾಯುವ ಹುಡುಗಿಯ ಕಣ್ಣು.

"ಇದೆ ಮೇಡಂ. ನೀವು ಹೇಳಿದ್ದು ನಿಜ."

ಆಗ ಆ ಹದಿನಾರು ಸಾವಿರದ ಲೆಕ್ಕ ಹೇಳಿದ್ದು. ಆಗ ಅವರು ಆ ಪ್ರಶ್ನೆ ಕೇಳಿದ್ದು. ನಾನು ಹೌದೆಂದ ಕೂಡಲೇ ಅತ್ತೆಯ ಕಡೆ ತಿರುಗಿ, "ನೋಡಿದ್ರಾ ಅತ್ತೆ, ನಂಗೇನೂ ತಲೆ ಕೆಟ್ಟಿಲ್ಲ" ಎಂದರು. ಹದಿನಾರು ಸಾವಿರ ಖರ್ಚು ಬಂದದ್ದಕ್ಕೆ ಅಷ್ಟು ಸಂತೋಷ ಪಟ್ಟ ಗಿರಾಕಿಯನ್ನು ನಾನು ಇನ್ನೊಬ್ಬರನ್ನು ನೋಡಿಲ್ಲ.

ಕೆಲಸ ಎರಡು ದಿನ ಹಿಡಿಯಿತು. ಎರಡನೇ ದಿನ ಮಧ್ಯಾಹ್ನ ಅವರು ಆಟೋದಲ್ಲಿ ಬಂದರು. ನಾನು ಹಳೇ ಚೈನನ್ನೂ ಹೊಸದನ್ನೂ ಒಂದೇ ಮೊಳೆಗೆ ಅಕ್ಕಪಕ್ಕ ನೇತುಹಾಕಿ ತೋರಿಸಿದೆ. ಹಳೆಯದು ಅರ್ಧ ಬೆರಳಿನಷ್ಟು ಕೆಳಗಿಳಿದಿತ್ತು.

"ಇಷ್ಟಕ್ಕೇನಾ?"

"ಇಷ್ಟಕ್ಕೇ. ಇದು ಒಂದೇ ದಿನಕ್ಕೆ ಹಾಳಾಗಲ್ಲ ಮೇಡಂ. ಆಯಿಲ್ ಚೇಂಜ್ ಮಾಡೋದು ಮುಂದಕ್ಕೆ ಹಾಕ್ತಾ ಹೋದ ಹಾಗೆಲ್ಲ ಒಂದೊಂದು ಕೊಂಡಿ ಕೂದಲೆಳೆಯಷ್ಟು ಸವೆಯುತ್ತೆ. ಓಡುತ್ತಲೇ ಇರುತ್ತೆ. ಯಾರಿಗೂ ಗೊತ್ತಾಗಲ್ಲ."

ಅವರು ಹಳೇ ಚೈನಿನ ತುದಿ ಮುಟ್ಟಿ ನೋಡಿದರು. ಆಮೇಲೆ ನೋಟ ನನ್ನ ತೋಳಿಗೆ ಬಂತು. ನಾನು ಮೊಳಕೈವರೆಗೆ ತೋಳು ಮಡಿಸಿದ್ದೆ.

"ಮಹದೇವು ಅವ್ರೆ, ನಿಮ್ಮ ನರ ಎಷ್ಟು ಚೆನ್ನಾಗಿದೆ ಕಣ್ರೀ!"

"ಏನು?"

"ನರ. ದಿನಾ ಹನ್ನೆರಡು ಕೈ ನೋಡ್ತೀನಿ, ಅರ್ಧ ಜನದ್ದು ಹುಡುಕಬೇಕು. ನಿಮ್ದು ಕಣ್ಣು ಮುಚ್ಚಿ ಚುಚ್ಚಬೋದು."

ನಲವತ್ತೆರಡು ವರ್ಷಕ್ಕೆ ಒಬ್ಬ ಹೆಂಗಸಿನ ಬಾಯಲ್ಲಿ ನನ್ನ ಯಾವುದೋ ಒಂದು ಚೆನ್ನಾಗಿದೆ ಎಂದು ಕೇಳಿದೆ, ಅದು ನರ. ನನಗೆ ಹಿಂದೆ ಮದುವೆಯಾಗಿತ್ತು. ಅವಳಿಗೆ ಗ್ರೀಸ್ ವಾಸನೆ ಆಗಲಿಲ್ಲ, ನನಗೆ ಜಗಳ ಆಗಲಿಲ್ಲ. ಎರಡು ವರ್ಷಕ್ಕೆ ಇಬ್ಬರೂ ಒಪ್ಪಿ ಬಿಟ್ಟುಕೊಂಡೆವು. ಆಮೇಲೆ ಈ ಕಡೆ ಯೋಚನೆ ಹೋಗಿರಲಿಲ್ಲ.

ತೋಳನ್ನು ಕೆಳಗಿಳಿಸಿಕೊಂಡೆ. ಅವರು ಬೇಕೆಂದೇ ಇನ್ನೊಂದು ಕ್ಷಣ ನೋಡಿ, ನಕ್ಕು, ಹೋಗಿಬಿಟ್ಟರು. ಅವರು ಹೋದ ಮೇಲೆ ಗೊತ್ತಾಯಿತು, ಅಲ್ಲಿಯವರೆಗೆ ‘ಅಣ್ಣ’ ಎನ್ನುತ್ತಿದ್ದವರು ಅಂದು ಹೆಸರು ಹಿಡಿದಿದ್ದರು.

ಕಾರು ಕೊಟ್ಟು ಎಂಟು ದಿನಕ್ಕೆ ಫೋನು ಬಂತು.

"ಮಹದೇವು ಅವ್ರೆ, ಮತ್ತೆ ಸದ್ದು ಬರ್ತಿದೆ."

ಮಾರನೇ ಬೆಳಿಗ್ಗೆ ಐದೂವರೆಗೇ ಅವರ ಗೇಟಿನಲ್ಲಿದ್ದೆ. ಬಾನೆಟ್ ತಣ್ಣಗಿತ್ತು. ಅವರು ಸ್ಟಾರ್ಟ್ ಮಾಡಿದರು. ನಾನು ಉಸಿರು ಬಿಗಿ ಹಿಡಿದು ಬಗ್ಗಿದೆ.

ಏನೂ ಕೇಳಿಸಲಿಲ್ಲ.

"ಕೇಳಿಸ್ತಾ?"

ಇನ್ನೊಮ್ಮೆ ಹಾಕಿಸಿದೆ. ಎಡಗಿವಿ ಕೊಟ್ಟೆ, ಬಲಗಿವಿ ಕೊಟ್ಟೆ. ಎಂಜಿನ್ನು ನೆಟ್ಟಗೆ ಓಡುತ್ತಿತ್ತು. ಬಾಗಿಲಲ್ಲಿ ನಿಂತಿದ್ದ ಸಿದ್ದಲಿಂಗಮ್ಮನವರ ಕಡೆ ನೋಡಿದೆ.

"ಅಮ್ಮ, ನಿಮಗೇನಾದ್ರೂ ಕೇಳ್ತಿದ್ಯಾ?"

ಅವರು ಸೊಸೆಯ ಮುಖ ನೋಡಿದರು. ಆಮೇಲೆ ನನ್ನ ಮುಖ ನೋಡಿದರು.

"ಕೇಳ್ದೆ ಏನಪ್ಪ! ಬೀದಿಗೆಲ್ಲ ಕೇಳ್ತದೆ."

ಎಪ್ಪತ್ತು ದಾಟಿದ ಅಮ್ಮನಿಗೆ ಕೇಳುವ ಸದ್ದು ನನಗೆ ಕೇಳುತ್ತಿಲ್ಲ.

ನನ್ನ ಅಪ್ಪ ಇದೇ ಮೇಟಗಳ್ಳಿಯಲ್ಲಿ ಪ್ರೆಸ್ ಮಿಷಿನ್ ಮುಂದೆ ಇಪ್ಪತ್ತಾರು ವರ್ಷ ನಿಂತವರು. ಐವತ್ತಕ್ಕೆ ಕಿವಿ ಹೋಯಿತು. ಒಂದೇ ಸಲ ಹೋಗಲಿಲ್ಲ. ಮೊದಲು ಸಣ್ಣ ಸದ್ದುಗಳು ಹೋದವು, ಕುಕ್ಕರಿನ ಸೀಟಿ, ಗಡಿಯಾರದ ಟಿಕ್ ಟಿಕ್. ಆಮೇಲೆ ಮಕ್ಕಳ ಮಾತು. ಕೊನೆಗೆ ಯಾರು ಏನು ಕೇಳಿದರೂ ‘ಹೂಂ’ ಎನ್ನುವುದನ್ನು ಕಲಿತರು. ನಾನೂ ಹತ್ತೊಂಬತ್ತು ವರ್ಷ ಕಬ್ಬಿಣ ಉಜ್ಜುವ ಗ್ರೈಂಡರ್ ಪಕ್ಕದಲ್ಲೇ ಬದುಕಿದವನು. ಹಿಂದಿನ ತಿಂಗಳು ಎರಡು ಸಲ ಜೇಬಿನಲ್ಲೇ ಫೋನು ಹೊಡೆದುಕೊಂಡದ್ದು ಗೊತ್ತಾಗಿರಲಿಲ್ಲ.

"ಕೇಳಿಸ್ತಾ ಮಹದೇವು ಅವ್ರೆ?"

"ಹೂಂ" ಎಂದೆ. "ಇದೆ. ಸಣ್ಣದಾಗಿ."

ಪ್ರೇಮಲೀಲಾ ಥಟ್ಟನೆ ನನ್ನತ್ತ ನೋಡಿದರು. ಕಣ್ಣು ಅಗಲವಾಯಿತು. ಆಮೇಲೆ ನಿಧಾನವಾಗಿ ತಲೆ ತಗ್ಗಿಸಿ, ಸ್ಟೇರಿಂಗ್ ನೋಡುತ್ತ, ತುಟಿಯೊಳಗೇ ನಕ್ಕರು. ಮಾತು ನಂಬಿದ್ದಕ್ಕೆ ಸಂತೋಷವಾಗಿದೆ ಎಂದುಕೊಂಡೆ.

"ಹಂಗಾದ್ರೆ ಕಾಫಿ ಕುಡಿದು ನೋಡಿ" ಎಂದರು.

ಮುಂದಿನ ಮೂರು ವಾರದಲ್ಲಿ ಏಳು ಸಲ ಹೋದೆ. ಹೋದಾಗಲೆಲ್ಲ ಟೆನ್ಷನರ್ ಮುಟ್ಟಿ ನೋಡಿದೆ, ಆಯಿಲ್ ಮಟ್ಟ ನೋಡಿದೆ, ಸರಿಯಿದ್ದ ನಟ್ಟನ್ನೇ ಮತ್ತೆ ಬಿಗಿ ಮಾಡಿದೆ. ಕಾಫಿಯ ಜೊತೆ ಉಪ್ಪಿಟ್ಟು ಬಂತು, ಅಕ್ಕಿರೊಟ್ಟಿ ಬಂತು. ಪ್ರೇಮಲೀಲಾ ಜಡೆಗೆ ಹೂ ಮುಡಿಯಲು ಶುರು ಮಾಡಿದ್ದರು. ರಕ್ತ ತೆಗೆಯಲು ಹೋಗುವವರಿಗೆ ಆರು ಗಂಟೆಗೆ ಹೂವೇಕೆ ಎಂದು ಯೋಚಿಸುವ ಸ್ಥಿತಿಯಲ್ಲಿ ನಾನಿರಲಿಲ್ಲ.

"ಇವತ್ತು ಸದ್ದು ಜಾಸ್ತಿನೋ, ಕಮ್ಮಿನೋ?"

"ಮೊನ್ನೆಗಿಂತ ಕಮ್ಮಿ ಮೇಡಂ."

"ಹೌದಾ? ನಂಗೆ ದಿನೇ ದಿನೇ ಜಾಸ್ತಿ ಆಗ್ತಿದೆ ಅನ್ಸುತ್ತೆ ಕಣ್ರೀ." ಹೀಗೆಂದು ಕಾಫಿ ಲೋಟದ ಮೇಲಿಂದ ನನ್ನನ್ನು ನೋಡುವರು.

ಅವರು ನೋಡುತ್ತಿದ್ದದ್ದು ನನಗೆ ಕಾಣುತ್ತಿತ್ತು. ಇಷ್ಟವೂ ಆಗುತ್ತಿತ್ತು. ಅದಕ್ಕೇ ಸಂಕಟ ಇನ್ನೂ ಹೆಚ್ಚು. ಇಂಥವರ ಮುಂದೆ ಹೋದಾಗಲೆಲ್ಲ ಸುಳ್ಳು ಹೇಳಿ ಅಕ್ಕಿರೊಟ್ಟಿ ತಿನ್ನುತ್ತಿದ್ದೆ.

ಒಂದು ಭಾನುವಾರ ಕಾರನ್ನು ಶೆಡ್ಡಿನಲ್ಲೇ ಉಳಿಸಿಕೊಂಡೆ. ಸೋಮವಾರ ಬೆಳಿಗ್ಗೆ ಒಬ್ಬನೇ ಸ್ಟಾರ್ಟ್ ಮಾಡಿ ಸ್ಕ್ರೂಡ್ರೈವರ್ ಹಚ್ಚಿ ಕೇಳಿದೆ. ಕೆಲಸ ಸರಿಯಾಗಿದೆ ಎಂದು ನನ್ನ ಕಿವಿ ಹೇಳಿತು. ಕಿವಿಯನ್ನು ನಂಬುವ ಹಾಗಿರಲಿಲ್ಲ. ಮೋಹನನನ್ನು ಕರೆದು ಕೇಳಿಸಬಹುದಿತ್ತು. ಆದರೆ ಕಿವುಡ ಮೆಕ್ಯಾನಿಕ್ ಎನ್ನುವ ಸುದ್ದಿ ಸಂಜೆಯೊಳಗೆ ಇಡೀ ಮೇಟಗಳ್ಳಿ ಸುತ್ತುತ್ತಿತ್ತು.

ಸುದ್ದಿಗಿಂತ ದೊಡ್ಡ ಹೆದರಿಕೆ ಬೇರೆ ಇತ್ತು. ಹಳೇ ಕಾರು ತಂದವರೆಲ್ಲ ನನ್ನ ಒಂದು ಮಾತು ನಂಬಿ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಹೋಗುತ್ತಾರೆ. ಸವೆದ ಚೈನಿನ ಸದ್ದು ಕೇಳದವನು ‘ಏನೂ ಇಲ್ಲ, ಹೋಗಿ’ ಎಂದರೆ, ರಿಂಗ್ ರೋಡಿನಲ್ಲಿ ಹಿಂದೆ ಲಾರಿ ಬರುವಾಗ ಎಂಜಿನ್ನು ನಿಂತರೆ? ಕಣ್ಣು ಕಾಣದ ಡ್ರೈವರ್ ಬಸ್ಸು ಓಡಿಸಬಾರದು. ನನ್ನ ಲೆಕ್ಕವೂ ಅಷ್ಟೇ.

"ಶೆಡ್ ಬಿಟ್ಟುಕೊಡ್ತೀನಿ, ತಗೋತೀಯಾ?" ಎಂದು ಮೋಹನನನ್ನು ಕೇಳಿದೆ.

"ಯಾಕ್ಲಾ, ಲಾಟರಿ ಹೊಡೀತಾ?"

"ಸಾಕಾಗಿದೆ."

"ನಿಂಗೆ ಸಾಕಾಗೋದಾ! ಬಿಚ್ಚಿಟ್ಟ ಇಂಜಿನ್ ಪಕ್ಕದಲ್ಲಿ ಕೂತ್ಕೊಂಡು ಅದಕ್ಕೂ ಒಂದು ತುತ್ತು ಇಡೋ ಗಿರಾಕಿ ನೀನು." ಅವನು ನನ್ನ ಮುಖ ನೋಡಿ ನಗು ನಿಲ್ಲಿಸಿದ. "ನಿಜವಾಗ್ಲೂ? ಸರಿ ಬುಡು, ಒಂದನೇ ತಾರೀಖಿಂದ ತಗೋತೀನಿ. ಆದ್ರೆ ಅಲ್ಲೀವರ್ಗೂ ಯೋಚ್ನೆ ಮಾಡು."

ಸ್ಪೇರ್ ಪಾರ್ಟ್ಸ್ ಅಂಗಡಿಯೊಂದರ ಕೌಂಟರಿನಲ್ಲಿ ಕೆಲಸ ಹೇಳಿಟ್ಟುಕೊಂಡೆ. ಅಲ್ಲಿ ಚೀಟಿ ಓದಲು ಬಂದರೆ ಸಾಕು.

ಗುರುವಾರ ಹನ್ನೊಂದರ ಹೊತ್ತಿಗೆ, ಪ್ರೇಮಲೀಲಾ ಕೆಲಸ ಮುಗಿಸಿ ಬಂದಿರುತ್ತಾರೆ ಎಂದು ನೋಡಿಕೊಂಡು ಅವರ ಮನೆಗೆ ಹೋದೆ. ಅತ್ತೆ ಸೊಸೆ ಜಗಲಿಯಲ್ಲಿ ಕೂತು ನೆನೆಸಿದ ಅವರೆಕಾಳು ಹಿಸುಕುತ್ತಿದ್ದರು. ಕಾಳು ಪಾತ್ರೆಗೆ ಪುಟಪುಟನೆ ಹಾರಿ ಬೀಳುತ್ತಿತ್ತು.

"ಇದೇನು, ಬಿಸಿಲು ಬಂದ್ಮೇಲೆ ಸೂರ್ಯೋದಯ!" ಎಂದರು ಪ್ರೇಮಲೀಲಾ.

ನಾನು ಕವರನ್ನು ಜಗಲಿಯ ಮೇಲಿಟ್ಟೆ. "ಐದು ಸಾವಿರ ಇದೆ ಮೇಡಂ. ನನ್ನ ಕೂಲಿ. ಕೆಲಸ ಸರಿಯಾಗಿಲ್ಲ, ಅದಕ್ಕೆ ವಾಪಸ್. ಕಾರನ್ನ ಬೇರೆ ಕಡೆ ತೋರಿಸಿ. ಒಳ್ಳೆಯವರ ನಂಬರ್ ಕೊಡ್ತೀನಿ."

ಅವರು ನಕ್ಕರು. "ಇದು ಹೊಸ ಆಟ ಚೆನ್ನಾಗಿದೆ."

"ಆಟ ಅಲ್ಲ. ಆ ಸದ್ದು ನನಗೆ ಒಂದು ದಿನವೂ ಕೇಳಿಸಿಲ್ಲ. ಕೇಳಿಸ್ತು ಅಂತ ಸುಳ್ಳು ಹೇಳ್ದೆ. ನನ್ನ ಕಿವಿ ಹೋಗ್ತಿದೆ ಮೇಡಂ. ನಮ್ಮಪ್ಪನಿಗೂ ಹಿಂಗೇ ಆಯ್ತು. ಒಂದನೇ ತಾರೀಖಿಂದ ಶೆಡ್ಡು ಬಿಟ್ಟುಕೊಡ್ತಿದೀನಿ."

ಕಾಳು ಬೀಳುವ ಸದ್ದು ನಿಂತಿತು. ಪ್ರೇಮಲೀಲಾ ಅವರ ಮುಖದ ನಗು ಹಾಗೇ ಇತ್ತು, ಆದರೆ ಅದರೊಳಗಿನ ಜೀವ ಹೋಗಿತ್ತು.

"ಸದ್ದೇ ಇಲ್ಲ ಕಣ್ರೀ" ಎಂದರು. ಧ್ವನಿ ಬಹಳ ಸಣ್ಣದಾಗಿತ್ತು. ಆದರೆ ನನಗೆ ಕೇಳಿಸಿತು.

"ಏನಂದ್ರಿ?"

"ನೀವು ಚೈನ್ ಹಾಕಿದ ದಿನದಿಂದ ಒಂದು ದಿನವೂ ಸದ್ದು ಬಂದಿಲ್ಲ. ನಾನು ಸುಳ್ಳು ಹೇಳ್ದೆ. ನೀವು ಇದೆ ಅಂದ್ರಲ್ಲ, ಆಗ, ಅಯ್ಯೋ, ನೀವೂ ಬೇಕಂತಲೇ ಹೇಳ್ತಿದೀರ ಅನ್ಕೊಂಡೆ. ನಿಮಗೂ ಬರೋಕೆ ನೆಪ ಬೇಕು ಅನ್ಕೊಂಡೆ."

ನಾನು ಸಿದ್ದಲಿಂಗಮ್ಮನವರತ್ತ ತಿರುಗಿದೆ. "ಅಮ್ಮ, ನೀವು ಬೀದಿಗೆಲ್ಲ ಕೇಳ್ತದೆ ಅಂದ್ರಲ್ಲ?"

"ನಂಗೆ ಕಾರು ಸ್ಟಾರ್ಟ್ ಆಗಿದ್ದೇ ಕೇಳಲ್ಲ ಕಣಪ್ಪ. ಎದುರಿಗೆ ನಿಂತು ಮಾತಾಡಿದ್ರೆ ತಿಳೀತದೆ, ಅಷ್ಟೇಯ." ಅವರು ಸೆರಗಿನಿಂದ ಕೈ ಒರೆಸಿಕೊಂಡರು. "ನನ್ ಮಗ ಹೋಗಿ ಒಂಬತ್ತು ವರ್ಷ. ಇವಳು ಅವತ್ತಿಂದ ಕನ್ನಡಿ ಮುಂದೆ ನಿಂತಿದ್ದು ನಾನು ಕಂಡಿಲ್ಲ. ನೀನು ಬರಕ್ಕೆ ಶುರು ಮಾಡಿದ್ಮೇಲೆ ನಿಂತ್ಕೊಂಡ್ಳು. ಅವಳು ಸದ್ದು ಅದೆ ಅಂದ್ರೆ ನಾನು ಇಲ್ಲ ಅನ್ಲಾ?"

ಮೊದಲು ಬಂದದ್ದು ನೆಮ್ಮದಿ. ತಲೆಯ ಮೇಲಿನ ಮೂಟೆಯನ್ನು ಯಾರೋ ಎತ್ತಿ ಇಳಿಸಿದ ಹಾಗೆ. ಅದರ ಬೆನ್ನಿಗೇ ಸಿಟ್ಟು ಬಂತು.

"ಇಪ್ಪತ್ತು ದಿನದಿಂದ ನಿದ್ದೆ ಮಾಡಿಲ್ಲ ನಾನು. ಹತ್ತೊಂಬತ್ತು ವರ್ಷದ ಶೆಡ್ಡು. ಕೈ ಎತ್ತಿ ಕೊಟ್ಟುಬಿಡ್ತಿದ್ದೆ."

ಪ್ರೇಮಲೀಲಾ ಎದ್ದು ನಿಂತರು. ಅಳಲಿಲ್ಲ, ತಲೆಯನ್ನೂ ತಗ್ಗಿಸಲಿಲ್ಲ.

"ತಪ್ಪು ನಂದು. ‘ಬನ್ನಿ, ಕಾಫಿ ಕುಡಿದು ಹೋಗಿ’ ಅಂತ ಸುಮ್ನೆ ಕರೆಯೋಕೆ ಧೈರ್ಯ ಬರಲಿಲ್ಲ. ಗಂಡ ಇಲ್ಲದವಳ ಮನೆಗೆ ಬೆಳಿಗ್ಗೆ ಆರಕ್ಕೆ ಗಂಡಸು ಬಂದ್ರೆ ಬೀದಿಯವರು ನೂರು ಮಾತಾಡ್ತಾರೆ. ಕಾರಿಗೆ ಸದ್ದು ಬಂದ್ರೆ ಯಾರೂ ಏನೂ ಅನ್ನಲ್ಲ. ನಿಮ್ಮ ಜೀವನದ ಮೇಲೆ ಬರುತ್ತೆ ಅಂತ ಗೊತ್ತಿರಲಿಲ್ಲ."

ಗೇಟಿನವರೆಗೆ ಹೋದೆ. ಬೈಕಿನ ಮೇಲೆ ಕೈ ಇಟ್ಟು ನಿಂತೆ. ಫೋನು ಕೇಳಿಸದೆ ಹೋದದ್ದು ನೆನಪಾಯಿತು. ಅವರು ಸುಳ್ಳು ಹೇಳಿದ್ದು ಸರಿ, ಆದರೆ ನನ್ನ ಕಿವಿ ಸರಿಯಿದೆ ಎನ್ನುವುದಕ್ಕೆ ಇನ್ನೂ ಸಾಕ್ಷಿ ಇರಲಿಲ್ಲ.

ನನ್ನ ಮನಸ್ಸು ಓದಿದವರ ಹಾಗೆ ಅವರು ಕಾರಿನ ಕೀ ಹಿಡಿದು ಹೊರಗೆ ಬಂದಿದ್ದರು.

"ಹತ್ತಿ. ಊಹೆ ಬೇಡ. ಸುಸ್ತು ಅಂದವರಿಗೆಲ್ಲ ನಾನು ಹೇಳೋದು ಅದೇ, ಮೊದಲು ಟೆಸ್ಟ್, ಆಮೇಲೆ ಭಯ. ಬೈಯೋದು ಬಾಕಿ ಇದ್ರೆ ದಾರೀಲಿ ಬೈಯಿರಿ."

ದಾರಿಯಲ್ಲಿ ನಾನು ಬೈಯಲಿಲ್ಲ. ಎಂಜಿನ್ನಿನ ಸದ್ದನ್ನೇ ಕೇಳುತ್ತ ಕೂತಿದ್ದೆ. ಅವರು ಮೂರನೇ ಗೇರಿನಲ್ಲಿ ಸ್ವಲ್ಪ ಜಾಸ್ತಿ ಎಳೆಯುತ್ತಾರೆ.

ಮಾನಸಗಂಗೋತ್ರಿ ಹತ್ತಿರ ಕಿವಿ ಪರೀಕ್ಷೆ ಮಾಡುವ ಸಂಸ್ಥೆಯಿದೆ. ಚೀಟಿ ಮಾಡಿಸಿ, ಎರಡು ಗಂಟೆ ಕಾದೆವು. ಸದ್ದು ಬಾರದ ಚಿಕ್ಕ ಕೋಣೆಯಲ್ಲಿ ಕೂರಿಸಿ, ಕಿವಿಗೆ ಹೆಡ್‌ಫೋನ್ ಹಾಕಿ, ಕೇಳಿದಾಗೆಲ್ಲ ಕೈ ಎತ್ತಿ ಎಂದರು. ಒಂದು ಸಣ್ಣ ಕೂಗು. ಕೈ ಎತ್ತಿದೆ. ಇನ್ನೂ ಸಣ್ಣದು. ಎತ್ತಿದೆ. ಎಲ್ಲೋ ದೂರದ ಬೀದಿಯಲ್ಲಿ ಸೊಳ್ಳೆ ಹಾರಿದಂಥದ್ದು. ಎತ್ತಿದೆ. ಬಲಗಿವಿಗೆ ಬಂದಾಗ ಕೊನೆಯಲ್ಲಿ ಒಂದಷ್ಟು ಹೊತ್ತು ಏನೂ ಇರಲಿಲ್ಲ.

ಪರೀಕ್ಷೆ ಮಾಡಿದ ಮೇಡಂ ಹೊರಗೆ ಬಂದು ಗೆರೆ ಎಳೆದ ಕಾಗದ ತೋರಿಸಿದರು. ಎಡಗಿವಿ ಸಂಪೂರ್ಣ ಸರಿಯಿದೆ. ಬಲಗಿವಿಯಲ್ಲಿ ತೀರ ಕೀಚಲು ಸದ್ದುಗಳು ಮಾತ್ರ ಸ್ವಲ್ಪ ಕಡಿಮೆ.

"ಕೆಲಸಕ್ಕೇನಾದ್ರೂ ತೊಂದರೆನಾ ಮೇಡಂ?" ನನಗಿಂತ ಮೊದಲು ಪ್ರೇಮಲೀಲಾ ಕೇಳಿದರು.

"ತೊಂದರೆ ಇಲ್ಲ. ಆದರೆ ಇನ್ನು ಮೇಲೆ ಗ್ರೈಂಡರ್ ಹಿಡಿದಾಗ ಕಿವಿಗೆ ಪ್ಲಗ್ ಹಾಕಲೇಬೇಕು. ವರ್ಷಕ್ಕೊಮ್ಮೆ ಬಂದು ತೋರಿಸಿ." ಅವರು ಪ್ರೇಮಲೀಲಾ ಅವರನ್ನು ನೋಡಿ, "ನೀವೇ ನೆನಪಿಸಿ, ಗಂಡಸರು ಹಾಕಲ್ಲ" ಎಂದರು.

ಪ್ರೇಮಲೀಲಾ, "ನೆನಪಿಸ್ತೀನಿ" ಎಂದರು. ಆಮೇಲೆ ನನ್ನ ಕಡೆ ನೋಡಿದರು. ಮೂಗಿನ ತುದಿ ಕೆಂಪಾಗಿತ್ತು. ಈ ಸಲ ಕೋಪದಿಂದಲ್ಲ.

ಹೊರಗೆ ಮರದ ನೆರಳಿನಲ್ಲಿ ಕಾರು ನಿಂತಿತ್ತು. ಇಬ್ಬರೂ ಕೂತೆವು. ಅವರು ಸ್ಟಾರ್ಟ್ ಮಾಡಲಿಲ್ಲ.

"ಇನ್ನೂ ಸಿಟ್ಟಿದ್ಯಾ?"

"ಇದೆ."

"ಎಷ್ಟು?"

"ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಮೂರು ಸೆಕೆಂಡು ಬರುತ್ತಲ್ಲ, ಅಷ್ಟು."

ಅವರು ನಕ್ಕರು. ನಗುತ್ತ ನಗುತ್ತ ಕಣ್ಣು ತುಂಬಿತು. ಕಿಟಕಿಯ ಕಡೆ ತಿರುಗಿ ಒರೆಸಿಕೊಂಡರು. ಮಧ್ಯಾಹ್ನಕ್ಕೆ ಜಡೆಯ ಹೂ ಬಾಡಿತ್ತು.

"ಮಹದೇವು ಅವ್ರೆ, ಸದ್ದಿಲ್ಲದಿದ್ರೂ ಬರ್ತೀರಾ?"

ತೋಳಿನ ಗುಂಡಿ ಬಿಚ್ಚಿ, ಮೊಳಕೈವರೆಗೆ ಮಡಿಸಿ, ಕೈಯನ್ನು ಅವರ ಮುಂದೆ ಚಾಚಿದೆ.

"ಚುಚ್ಚಿ ನೋಡಿ. ಸುಳ್ಳಿದ್ರೆ ರಕ್ತದಲ್ಲಿ ಗೊತ್ತಾಗುತ್ತೇನೋ."

"ಅದಕ್ಕೆ ಟೆಸ್ಟ್ ಇಲ್ಲ ಕಣ್ರೀ" ಎಂದು ಅವರು ಎರಡು ಬೆರಳನ್ನು ಆ ನರದ ಮೇಲಿಟ್ಟರು. ಬಹಳ ಹೊತ್ತು ತೆಗೆಯಲಿಲ್ಲ. "ಅಬ್ಬಾ, ಎಷ್ಟು ಜೋರಾಗಿ ಓಡ್ತಿದೆ!"

"ನಿಂತ ಗಾಡಿ, ಐಡ್ಲಿಂಗ್ ಸ್ವಲ್ಪ ಜಾಸ್ತಿ ಇದೆ. ನೀವು ಬಿಟ್ರೆ ಕಮ್ಮಿ ಆಗುತ್ತೆ."

ಅವರು ಬಿಡಲಿಲ್ಲ.

"ನಾನು ನಿಮ್ಮ ಮನೆಗೆ ಬರೋದಂದ್ರೆ ಅತ್ತೆನೂ ಜೊತೆಗೇ" ಎಂದರು ಕೊನೆಗೆ. "ಅವರನ್ನ ಬಿಟ್ಟು ನಾನು ಎಲ್ಲಿಗೂ ಬರಲ್ಲ."

"ನನ್ನನ್ನ ನಂಬಿಸಿ ಅಷ್ಟು ಚೆನ್ನಾಗಿ ಸುಳ್ಳು ಹೇಳಿದವರನ್ನ ಹೊರಗೆ ಬಿಡೋಕಾಗುತ್ತಾ? ನಮ್ಮ ಜೊತೆಗೇ ಇರಲಿ."

ಸಂಜೆ ಮೋಹನನಿಗೆ ಶೆಡ್ಡು ಕೊಡುವುದಿಲ್ಲ ಎಂದು ಹೇಳಿದೆ. ಅವನು ಕಾರಣ ಕೇಳಿದ, ಹೇಳಿದೆ. ಪೂರ್ತಿ ಹೇಳಿದೆ. ಅವನು ಟೈರಿನ ಮೇಲೆ ಕೂತು ಹೊಟ್ಟೆ ಹಿಡಿದು ನಕ್ಕ. ಮಾರನೇ ದಿನ ಇಡೀ ಮೇಟಗಳ್ಳಿ ನಕ್ಕಿತು. ನಗಲಿ ಬಿಡಿ. ಕಿವುಡ ಎಂದು ಮರುಕ ಪಡುವುದಕ್ಕಿಂತ ಅದು ಮೇಲು.

ಫೆಬ್ರವರಿಯಲ್ಲಿ ರಿಜಿಸ್ಟ್ರಾರ್ ಆಫೀಸಿನಲ್ಲಿ ಮದುವೆಯಾದೆವು. ಸಾಕ್ಷಿಗೆ ಮೋಹನ್ ಒಂದು ಸಹಿ ಹಾಕಿದ, ಕುವೆಂಪುನಗರದ ಮೇಷ್ಟ್ರು ಇನ್ನೊಂದು, ನನ್ನ ಅಕ್ಕ ಮೂರನೆಯದು. ಅಂದು ಮೇಷ್ಟ್ರ ರಕ್ತ ತೆಗೆಯುವ ಹೊತ್ತಿಗೆ ಹತ್ತು ಗಂಟೆಯಾಯಿತು. ಅವರು ಗೊಣಗದೇ ಕಾದರು. ಸಿದ್ದಲಿಂಗಮ್ಮ ಎಲ್ಲರಿಗೂ ಬಾಳೆಲೆ ಹಾಕಿ ಹಿತಕಿದ ಅವರೆಕಾಳಿನ ಸಾರು ಬಡಿಸಿದರು. ನನ್ನ ಎಲೆಗೆ ಎರಡು ಸಲ.

ಬಲಗಿವಿಯಲ್ಲಿ ಹೋದಷ್ಟು ಹೋಗಿದೆ, ಅದು ಮತ್ತೆ ಬರುವುದಿಲ್ಲ. ಶೆಡ್ಡು ಉಳಿಯಿತು. ಮೂವತ್ತೆಂಟರ ಪ್ರೇಮಲೀಲಾ ನಲವತ್ತೆರಡರ ನನಗೆ ಸಿಕ್ಕಳು, ಅವಳಿಗೆ ನಾನು ಸಿಕ್ಕೆ.